ಇಬ್ಬರು ಅಣ್ಣತಮ್ಮ, ಎರಡು ಬಳಗ

'ಫುಲ್‌ಮೆಟಲ್ ಆಲ್ಕೆಮಿಸ್ಟ್' ಎರಡಿದೆಯಲ್ಲ, ಯಾವುದನ್ನು ನೋಡಲಿ? ಅನಿಮೆಗೆ ಹೊಸದಾಗಿ ಕಾಲಿಟ್ಟವರು ತಪ್ಪದೆ ಕೇಳುವ ಪ್ರಶ್ನೆ ಇದು. ಎರಡನ್ನೂ ನೋಡಿ, ಹಳೆಯದನ್ನು ಮೊದಲು ನೋಡಿ ಎನ್ನುತ್ತೇನೆ. ಒಂದೇ ಪಾತ್ರವರ್ಗವನ್ನು ಎರಡು ಬಗೆಯಾಗಿ ದುಡಿಸಿಕೊಂಡಿರುವ ಇಂಥ ಜೋಡಿ ಅಪರೂಪ. (ಕಥೆಯ ಗುಟ್ಟುಗಳು ಮುಂದೆ ಬಯಲಾಗುತ್ತವೆ. ಅದು ಬೇಡ ಎನ್ನುವವರು ನೋಡಿಬಂದು ಓದಿ.)

ಹಿರೋಮು ಅರಕಾವಾ ಇದರ ಮೂಲ ಮಾಂಗಾವನ್ನು (ಜಪಾನೀ ಚಿತ್ರಕಥೆ) ಶುರುಮಾಡಿದ್ದು 2001ರಲ್ಲಿ. ಬೋನ್ಸ್ ಸ್ಟುಡಿಯೋ 2003ರಲ್ಲಿ ಅದನ್ನು ಟೀವಿಗೆ ತಂದಾಗ ಮೂಲಕಥೆ ಇನ್ನೂ ಅರ್ಧ ದಾರಿಯಲ್ಲಿತ್ತು. ಹಾಗಾಗಿ ನಿರ್ದೇಶಕ ಸೆಯಿಜಿ ಮಿಜುಷಿಮಾ ಅವರ ತಂಡ, ಅರಕಾವಾ ಒಪ್ಪಿಗೆ ಪಡೆದೇ, 51 ಕಂತುಗಳಲ್ಲಿ ತನ್ನದೇ ಮುಕ್ತಾಯ ಕಟ್ಟಿತು. 2009ರಲ್ಲಿ ಅದೇ ಸ್ಟುಡಿಯೋ, ಯಸುಹಿರೊ ಇರಿಯೆ ನಿರ್ದೇಶನದಲ್ಲಿ, ಮಾಂಗಾದ ಜಾಡು ಹಿಡಿದು ಕಥೆಯನ್ನು ಮೊದಲಿನಿಂದ ಹೇಳಿತು. 64 ಕಂತುಗಳ ಆ ರೀಬೂಟೇ 'ಬ್ರದರ್‌ಹುಡ್'. ಎರಡರ ಬೀಜವೂ ಒಂದೇ: ಸತ್ತ ತಾಯಿಯನ್ನು ರಸವಿದ್ಯೆಯಿಂದ ಬದುಕಿಸಲು ಹೋಗಿ ಅಣ್ಣ ಎಡ್ವರ್ಡ್ ಒಂದು ಕೈ, ಒಂದು ಕಾಲು ಕಳೆದುಕೊಳ್ಳುತ್ತಾನೆ, ತಮ್ಮ ಆಲ್ಫೋನ್ಸ್ ಇಡೀ ದೇಹವನ್ನೇ ಕಳೆದುಕೊಂಡು ಕಬ್ಬಿಣದ ಕವಚದೊಳಗೆ ಉಳಿಯುತ್ತಾನೆ.

ವ್ಯತ್ಯಾಸ ತಿಳಿಯಲು ಸ್ಲಾತ್ ಎಂಬ ಒಂದು ಪಾತ್ರವನ್ನು ಹಿಡಿದು ನೋಡಿದರೆ ಸಾಕು. ಸಪ್ತಪಾಪಗಳ ಹೆಸರು ಹೊತ್ತ ಖಳರಲ್ಲಿ ಸೋಮಾರಿತನ ಈ ಪಾತ್ರದ್ದು. 2003ರಲ್ಲಿ ಸ್ಲಾತ್ ಒಬ್ಬ ಹೆಂಗಸು, ದೇಶದ ಸರ್ವಾಧಿಕಾರಿ ಬ್ರ್ಯಾಡ್ಲಿಯ ಕಾರ್ಯದರ್ಶಿ. ಅವಳಿಗಿರುವುದು ಹುಡುಗರ ತಾಯಿಯ ಮುಖ. ಅಂದು ಅವರು ಕೆಡಿಸಿದ ಪ್ರಯೋಗದಿಂದಲೇ ಹುಟ್ಟಿದವಳು. ಅವಳನ್ನು ಕೊಲ್ಲಬೇಕಾದವನು ಎಡ್ವರ್ಡ್. ಬ್ರದರ್‌ಹುಡ್‌ನ ಸ್ಲಾತ್ ಒಬ್ಬ ದೈತ್ಯ. ಇಡೀ ದೇಶದ ಅಡಿಯಲ್ಲಿ ಸುರಂಗ ಕೊರೆಯುತ್ತಾ, ಎಲ್ಲದಕ್ಕೂ 'ಅಯ್ಯೋ, ಬೇಸರ' ಎನ್ನುವಂತೆ ಗೊಣಗುತ್ತಾನೆ. ಅವನನ್ನು ಮಣಿಸುವವರು ಸೇನಾಧಿಕಾರಿಗಳಾದ ಆರ್ಮ್‌ಸ್ಟ್ರಾಂಗ್ ಅಕ್ಕ-ತಮ್ಮ, ಜೊತೆಗೆ ಹುಡುಗರ ಗುರು ಇಜುಮಿ ಮತ್ತು ಅವಳ ಗಂಡ ಸಿಗ್. ಅಲ್ಲಿ ಎಡ್ವರ್ಡ್‌ನ ಸುಳಿವೇ ಇಲ್ಲ.

ಹಳೆಯ ಸರಣಿಯಲ್ಲಿ ಪ್ರತಿಯೊಂದು ಪಾತ್ರವೂ ಅಣ್ಣತಮ್ಮಂದಿರ ಗಾಯದ ಕಡೆಗೇ ಹರಿಯುತ್ತದೆ. ಇಜುಮಿ ಕಳೆದುಕೊಂಡ ಕೂಸು ರಾತ್ (ಕ್ರೋಧ) ಆಗಿ ಮರಳುತ್ತದೆ. ಲಸ್ಟ್ (ಕಾಮ) ಕೂಡ ಯಾರೋ ತನ್ನ ಪ್ರಿಯತಮೆಯನ್ನು ಬದುಕಿಸಲು ಹೋದ ಫಲ; ಕೊನೆಕೊನೆಗೆ ಮನುಷ್ಯಳಾಗಬೇಕೆಂದು ಹಂಬಲಿಸುತ್ತಾಳೆ. ಮಾಡಿದ ತಪ್ಪು ಹೀಗೆ ಬೇರೆ ಬೇರೆ ಮುಖ ತೊಟ್ಟು ಎದುರು ಬರುತ್ತದೆ. ಬಳಗ ಚಿಕ್ಕದು, ಉಸಿರು ಬಿಗಿ.

ಹೊಸದರಲ್ಲಿ ಎಲ್ಲರಿಗೂ ಅವರವರದೇ ಉಸಾಬರಿ. ಪೂರ್ವದ ಶಿಂಗ್ ದೇಶದಿಂದ ಲಿಂಗ್, ಲ್ಯಾನ್ ಫ್ಯಾನ್, ಮೇ ಚಾಂಗ್ ಬರುವುದು ತಮ್ಮ ಸಿಂಹಾಸನದ ಲೆಕ್ಕಾಚಾರ ಹೊತ್ತು. ಉತ್ತರದ ಹಿಮದ ಕೋಟೆಯಲ್ಲಿ ಆ ಆರ್ಮ್‌ಸ್ಟ್ರಾಂಗ್ ಅಕ್ಕ ಒಲಿವಿಯರ್‌ಳ ನಿಷ್ಠೆ ತನ್ನ ಸೈನಿಕರಿಗಷ್ಟೇ. ಇವರ್‍ಯಾರೂ 2003ರಲ್ಲಿ ಇಲ್ಲವೇ ಇಲ್ಲ. ಯಕ್ಷಗಾನದ ಒಡ್ಡೋಲಗದಂತೆ ಪ್ರತಿ ಪ್ರವೇಶಕ್ಕೂ ಅದರದೇ ಗತ್ತು, ಅದರದೇ ಹೊತ್ತು ಉಂಟು. ಬ್ರ್ಯಾಡ್ಲಿಯ ಪ್ರಕರಣವನ್ನೇ ನೋಡಿ. ಹಳೆಯದರಲ್ಲಿ ಸೇನಾಧಿಕಾರಿ ಮಸ್ಟಾಂಗ್ ಒಬ್ಬನೇ ಅವನನ್ನು ಮುಗಿಸುತ್ತಾನೆ. ಹೊಸದರಲ್ಲಿ ಲಿಂಗ್‌ನ ಕಾವಲಿನ ಫು ಮತ್ತು ಒಲಿವಿಯರ್‌ಳ ಪಡೆಯ ಬಕನೀರ್ ಪ್ರಾಣ ತೆತ್ತು ಗಾಯಗೊಳಿಸಿದವನನ್ನು ಸೇನೆಯ ಮೇಲೆ ಹಗೆ ಸಾಧಿಸುವ ಸ್ಕಾರ್ ಕೆಡವುತ್ತಾನೆ.

ಹಾಗಾದರೆ ಹೊಸದೇ ಮೇಲೇ? ಮೊದಲ ಹತ್ತು ಕಂತುಗಳ ಮಟ್ಟಿಗೆ ಖಂಡಿತ ಅಲ್ಲ. ಹಳೆಯ ಸರಣಿಯಲ್ಲಿ ಸರ್ಕಾರಿ ರಸವಿದ್ಯಾ ಪರೀಕ್ಷೆಗೆ ಓದಲು ಹುಡುಗರು ರಸವಿದ್ಯಾವಂತ ಟಕರ್ ಮನೆಯಲ್ಲೇ ತಂಗುತ್ತಾರೆ, ಅವನ ಪುಟ್ಟ ಮಗಳು ನೀನಾ ಜೊತೆ ಆಡುತ್ತಾರೆ. ಆಮೇಲೆ ಅವಳಿಗೊದಗುವ ಗತಿ ನೋಡುವವರನ್ನೂ ಬಿಡುವುದಿಲ್ಲ. ಬ್ರದರ್‌ಹುಡ್ ಅದನ್ನು 4ನೇ ಕಂತಿನಲ್ಲೇ ಮುಗಿಸಿಬಿಡುತ್ತದೆ. ಮಸ್ಟಾಂಗ್‌ನ ಗೆಳೆಯ ಹ್ಯೂಸ್ ಸಾವೂ ಅಷ್ಟೆ: 2003ರಲ್ಲಿ ಅದು 25ನೇ ಕಂತು, ಬ್ರದರ್‌ಹುಡ್‌ನಲ್ಲಿ 10ನೆಯದು. ಟೆಲಿಫೋನ್ ಬೂತು, ಹೆಂಡತಿಯ ವೇಷದಲ್ಲಿ ಬಂದ ಕೊಲೆಗಾರ, ಸಮಾಧಿಯ ಬಳಿ ಮಗಳ ಪ್ರಶ್ನೆ ಎರಡರಲ್ಲೂ ಇವೆ. ಆದರೆ ಅವನ ಬಡಾಯಿ, ಮಗಳ ಫೋಟೊ ತೋರಿಸುವ ಹುಚ್ಚು, ಆ ಮಗಳು ಹುಟ್ಟಿದ ದಿನ ಎಲ್ಲವನ್ನೂ ಕಂಡವರಿಗೆ ತಟ್ಟುವ ಸಂಕಟ ಹತ್ತು ಕಂತಿನಲ್ಲಿ ಹುಟ್ಟುವುದು ಕಷ್ಟ. ಪ್ರೇಕ್ಷಕರು ಹಳೆಯದನ್ನು ನೋಡಿಕೊಂಡೇ ಬಂದಿದ್ದಾರೆ ಎಂದುಕೊಂಡು ಓಡಿಸಿದ್ದಾರೋ ಏನೋ ಎಂದು ನನಗೆ ಗುಮಾನಿ.

ಆದ್ದರಿಂದ ನನ್ನ ಸಲಹೆ: ಹಳೆಯದನ್ನು ನೋಡುವಾಗ ಅಣ್ಣತಮ್ಮಂದಿರ ಮೇಲೆ ಕಣ್ಣಿಡಿ. ಹೊಸದನ್ನು ನೋಡುವಾಗ ಅವರನ್ನು ಬಿಟ್ಟು ಒಬ್ಬ ಚಿಲ್ಲರೆ ಪಾತ್ರವನ್ನು ಹಿಂಬಾಲಿಸಿ. ಕಿವಿಗೂ ಕೆಲಸವಿದೆ, ಜಪಾನೀ ಧ್ವನಿಯಲ್ಲೇ ನೋಡಿ: ಎಡ್ವರ್ಡ್‌ಗೆ ರೋಮಿ ಪಾರ್ಕ್, ಆಲ್ಫೋನ್ಸ್‌ಗೆ ರಿಯೆ ಕುಗಿಮಿಯಾ ಎರಡರಲ್ಲೂ ಅವರೇ, ಮಸ್ಟಾಂಗ್, ಅವನ ಸಹಾಯಕಿ ಹಾಕೈ, ಹುಡುಗರ ಗೆಳತಿ ವಿನ್ರಿ ಮೂವರ ಧ್ವನಿ ಬದಲಾಗಿದೆ.

ಯಾರನ್ನು ಹಿಂಬಾಲಿಸಲಿ ಅಂದರೆ, ಯೋಕಿಯನ್ನು. ಗಣಿ ಊರಿನ ಈ ಲಂಚಕೋರ ಅಧಿಕಾರಿಗೆ ಹಳೆಯದರಲ್ಲಿ ಒಂದು ಕಂತೇ ಮೀಸಲು. ಹೊಸದರಲ್ಲಿ ಆ ಕಂತಿಲ್ಲ. ಅವನು ದಿವಾಳಿಯಾದ ಕಥೆಯನ್ನು ಎಷ್ಟೋ ಕಂತು ಕಳೆದ ಮೇಲೆ ಮೂಕಿಚಿತ್ರದ ಧಾಟಿಯಲ್ಲಿ ನಗಿಸಿ ಮುಗಿಸುತ್ತಾರೆ. ಅಲ್ಲಿಂದಾಚೆ ಅವನು ಸ್ಕಾರ್ ಹಿಂದೆ ನಡುಗುತ್ತಾ ಅಲೆಯುವ ಬಾಲಂಗೋಚಿ. ಕೊನೆಯ ಕಾಳಗದಲ್ಲಿ ಅದೇ ಅಂಜುಬುರುಕ ಕಾರು ಓಡಿಸಿಕೊಂಡು ಬಂದು ಪ್ರೈಡ್ (ಅಹಂಕಾರ) ಎಂಬ ಖಳನಿಗೆ ಗುದ್ದುತ್ತಾನೆ.