ಪಾರಿವಾಳ, ಮೊಲ, ನಾಯಿ: ಗಂಡಸರ ಕಣ್ಣೀರಿಗೊಂದು ನೆಪ

2022ರ ಜೂನ್‌ನಲ್ಲಿ ‘777 ಚಾರ್ಲಿ’ ನೋಡಿದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅತ್ತರು. ಕತ್ತಲಲ್ಲಿ ಅತ್ತು, ಮುಖ ಒರೆಸಿಕೊಂಡು, ಗಂಭೀರವಾಗಿ ಹೊರಬಂದಿದ್ದರೆ ಅದು ಸುದ್ದಿಯಾಗುತ್ತಿರಲಿಲ್ಲ. ಅವರು ಪತ್ರಕರ್ತರ ಎದುರಲ್ಲೂ ಗದ್ಗದಿತರಾದರು. ಹಿಂದಿನ ವರ್ಷ ತೀರಿಕೊಂಡಿದ್ದ ತಮ್ಮ ಮನೆಯ ನಾಯಿ ಸನ್ನಿಯನ್ನು ನೆನೆದರು. ಆಮೇಲೆ ಚಿತ್ರಕ್ಕೆ ರಾಜ್ಯ ಸರ್ಕಾರದ ತೆರಿಗೆ ವಿನಾಯಿತಿಯೂ ಸಿಕ್ಕಿತು.

ಅಧಿಕಾರದಲ್ಲಿರುವ ಅರವತ್ತು ದಾಟಿದ ಗಂಡಸು ಸಾರ್ವಜನಿಕವಾಗಿ ಅಳಲು ಒಂದು ನಾಯಿ ದಾರಿ ಮಾಡಿಕೊಟ್ಟಿತು. ಇದು ಆಕಸ್ಮಿಕವಲ್ಲ. ಕನ್ನಡ ಸಿನಿಮಾ ಗಂಡಸನ್ನು ಅಳಿಸಬೇಕೆಂದಾಗ ಮತ್ತೆ ಮತ್ತೆ ಹಿಡಿದಿರುವ ದಾರಿಯೇ ಇದು. ಗಂಡಸು ತನಗಾಗಿ ಅಳಲಾರ, ಇನ್ನೊಬ್ಬ ಗಂಡಸಿಗಾಗಿ ಅಳಲು ನಾಚುತ್ತಾನೆ, ಹೆಣ್ಣಿಗಾಗಿ ಅತ್ತರೆ ಪಕ್ಕದ ಸೀಟಿನವನು ನಗುತ್ತಾನೆ. ಹಾಗಾಗಿ ನಿರ್ದೇಶಕ ಅವನ ಕೈಗೊಂದು ಮೂಕಪ್ರಾಣಿ ಕೊಡುತ್ತಾನೆ. 1971ರಲ್ಲಿ ಪಾರಿವಾಳ, 2006ರಲ್ಲಿ ಮೊಲ, 2022ರಲ್ಲಿ ನಾಯಿ.

ಗಂಡಸು ಅಳಬಾರದೆಂಬುದು ನಮ್ಮ ಸಾಹಿತ್ಯ ಹೇಳಿಕೊಟ್ಟ ಪಾಠವೇನಲ್ಲ. ಭವಭೂತಿಯ ‘ಉತ್ತರರಾಮಚರಿತ’ದ ಮೂರನೆಯ ಅಂಕದಲ್ಲಿ ರಾಮ ಸೀತೆಯನ್ನು ನೆನೆದು ಅಳುವುದಷ್ಟೇ ಅಲ್ಲ, ಮೂರ್ಛೆಯನ್ನೂ ಹೋಗುತ್ತಾನೆ. ಅವನನ್ನು ಯಾರೂ ಹೇಡಿ ಎನ್ನಲಿಲ್ಲ. ಯಕ್ಷಗಾನದ ಕರ್ಣನೂ ಕಂಪನಿ ನಾಟಕದ ಹರಿಶ್ಚಂದ್ರನೂ ದುಃಖವನ್ನು ಎದೆ ತುಂಬ ಹಾಡಿದವರೇ. ಆ ಕಂಪನಿ ನಾಟಕದ ಗರಡಿಯಿಂದ ಬಂದ ರಾಜಕುಮಾರ್ 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ರಾಜ್ಯ, ಹೆಂಡತಿ, ಮಗ ಎಲ್ಲವನ್ನೂ ಕಳೆದುಕೊಂಡು ಸ್ಮಶಾನ ಕಾದರು. ಪುರಾಣದ ವೇಷದಲ್ಲಿ ಕಣ್ಣೀರಿಗೆ ಪರವಾನಗಿ ಇತ್ತು. ಪ್ಯಾಂಟು, ಕೋಟು ತೊಟ್ಟ ಮೇಲೆ ತೊಡಕಾಯಿತು.

ಆ ತೊಡಕನ್ನು ಎಲ್ಲರಿಗಿಂತ ಚೆನ್ನಾಗಿ ಬಿಡಿಸಿದ್ದು ದೊರೈ–ಭಗವಾನ್ ಜೋಡಿಯ ‘ಕಸ್ತೂರಿ ನಿವಾಸ’. ಜಿ. ಬಾಲಸುಬ್ರಹ್ಮಣ್ಯಂ ಈ ಕಥೆಯನ್ನು ಮೊದಲು ಬರೆದದ್ದು ಶಿವಾಜಿ ಗಣೇಶನ್ ಅವರಿಗಾಗಿ. ಅವರು ಒಪ್ಪದೆ ಕಥೆ ಕನ್ನಡಕ್ಕೆ ಬಂತು, ಗೆದ್ದಿತು. 1975ರಲ್ಲಿ ಅದೇ ಶಿವಾಜಿ ‘ಅವನ್‌ದಾನ್ ಮನಿದನ್’ ಎಂಬ ತಮಿಳು ಅವತರಣಿಕೆಯಲ್ಲಿ ಇದೇ ಪಾತ್ರ ಮಾಡಿದರು. ಅದಕ್ಕೂ ಒಂದು ವರ್ಷ ಮೊದಲು ಹಿಂದಿಯಲ್ಲಿ ಸಂಜೀವ್ ಕುಮಾರ್ ಮಾಡಿದ್ದರು. ಮೂರು ಭಾಷೆಗಳ ಮೂವರು ದೊಡ್ಡ ನಟರನ್ನು ಸೆಳೆದ ಈ ಪಾತ್ರ ಒಬ್ಬ ಬೆಂಕಿಪೊಟ್ಟಣ ಕಾರ್ಖಾನೆಯ ಮಾಲೀಕನದು. ರವಿವರ್ಮನಿಗೆ ಕೊಡುವುದೇ ಚಟ. ಕೆಲಸಗಾರ ಚಂದ್ರುವನ್ನು ಬೆಳೆಸುತ್ತಾನೆ. ತಾನು ಮೆಚ್ಚಿದ ನೀಲಾಳ ಮನಸ್ಸು ಅವನ ಮೇಲಿದೆ ಎಂದು ತಿಳಿದಾಗ ಇಬ್ಬರಿಗೂ ಮದುವೆ ಮಾಡಿಸುತ್ತಾನೆ. ಚಂದ್ರು ಪ್ರತಿಸ್ಪರ್ಧಿಯಾಗುತ್ತಾನೆ, ಕಾರ್ಖಾನೆ ಹೋಗುತ್ತದೆ, ಕಸ್ತೂರಿ ನಿವಾಸ ಹರಾಜಿಗೆ ಬಂದು ಆ ಚಂದ್ರುವಿನ ಪಾಲಾಗುತ್ತದೆ. ಕೊನೆಗೆ ಉಳಿಯುವುದು ಒಂದು ಪಾರಿವಾಳ.

ಕೊನೆಯ ದೃಶ್ಯ ಕನ್ನಡಿಗರಿಗೆ ಗೊತ್ತಿರುವುದೇ. ನೀಲಾ ಅವನ ಬಡಮನೆಗೆ ಬರುತ್ತಾಳೆ. ಮನೆಗೆ ಬಂದವಳಿಗೆ ಊಟ ಹಾಕಬೇಕು, ಕೈಯಲ್ಲಿ ಕಾಸಿಲ್ಲ. ಪಾರಿವಾಳ ಮಾರಿ ಊಟ ತರಿಸುತ್ತಾನೆ. ಊಟವಾದ ಮೇಲೆ ಅವಳು ಬಂದ ಕಾರಣ ಹೇಳುತ್ತಾಳೆ: ಹಟ ಹಿಡಿದಿರುವ ಮಗುವಿಗೆ ಆ ಪಾರಿವಾಳ ಬೇಕಾಗಿದೆ. ಕೇಳಿದವರಿಗೆ ಇಲ್ಲ ಎನ್ನದವನು ಮೊದಲ ಸಲ ಇಲ್ಲ ಎನ್ನಬೇಕಾದ ಆ ಕ್ಷಣದಲ್ಲೇ ಅವನ ಉಸಿರು ನಿಲ್ಲುತ್ತದೆ.

ಹದಿನಾಲ್ಕನೆಯ ಶತಮಾನದ ಇಟಲಿಯ ಬೊಕಾಚಿಯೊ ಬರೆದ ‘ಡೆಕಮೆರಾನ್’ನಲ್ಲಿ ಇದನ್ನು ಹೋಲುವ ಕಥೆಯೊಂದಿದೆ. ಪ್ರೇಮಕ್ಕಾಗಿ ಆಸ್ತಿಯೆಲ್ಲ ಕರಗಿಸಿಕೊಂಡ ಫೆಡೆರಿಗೊ, ಮನೆಗೆ ಬಂದ ಪ್ರಿಯೆಗೆ ತನ್ನ ಗಿಡುಗವನ್ನೇ ಅಡುಗೆ ಮಾಡಿ ಬಡಿಸುತ್ತಾನೆ. ಅವಳು ಬಂದದ್ದು ಕಾಯಿಲೆ ಬಿದ್ದ ಮಗನಿಗಾಗಿ ಆ ಗಿಡುಗವನ್ನು ಕೇಳಲು. ಅಲ್ಲಿ ಮಗು ಸಾಯುತ್ತದೆ, ಆದರೆ ಫೆಡೆರಿಗೊನ ಔದಾರ್ಯಕ್ಕೆ ಮನಸೋತ ಹೆಣ್ಣು ಅವನನ್ನೇ ಮದುವೆಯಾಗುತ್ತಾಳೆ. ಅವನು ಗೆಲ್ಲುತ್ತಾನೆ. ನಮ್ಮ ಹರಿಶ್ಚಂದ್ರನೂ ಗೆಲ್ಲುತ್ತಾನೆ. ರಾಘವಾಂಕನ ಕಾವ್ಯದ ಕೊನೆಯಲ್ಲಿ ವಿಶ್ವನಾಥ ಪ್ರತ್ಯಕ್ಷನಾಗಿ ಕಳೆದುಕೊಂಡದ್ದನ್ನೆಲ್ಲ ಕೊಡಿಸುತ್ತಾನೆ. ರವಿವರ್ಮನಿಗೆ ಹೆಣ್ಣೂ ಇಲ್ಲ, ದೇವರೂ ಇಲ್ಲ. ‘ಕಸ್ತೂರಿ ನಿವಾಸ’ ಎಂದರೆ ಕೊನೆಯ ಅಂಕ ಕಿತ್ತುಹಾಕಿದ ಹರಿಶ್ಚಂದ್ರ. ಪರೀಕ್ಷೆ ಇದೆ, ಪರೀಕ್ಷೆ ಮಾಡಿದವನು ಬಂದು ಬೆನ್ನು ತಟ್ಟುವುದಿಲ್ಲ. ಚಿತ್ರದ ಹೆಚ್ಚುಗಾರಿಕೆ ಇದು.

ರಾಜಕುಮಾರ್ ಇಲ್ಲಿ ಅಳುವುದನ್ನು ಆದಷ್ಟೂ ತಡೆದು ಹಿಡಿಯುತ್ತಾರೆ. ಚಿ. ಉದಯಶಂಕರ್ ಬರೆದು ಪಿ.ಬಿ. ಶ್ರೀನಿವಾಸ್ ಹಾಡಿದ ಆ ಬೀಳದ ಬೊಂಬೆಯ ಹಾಡು ಒಮ್ಮೆ ಸುಖದಲ್ಲಿ, ಇನ್ನೊಮ್ಮೆ ದುಃಖದಲ್ಲಿ ಬರುತ್ತದೆ. ಎರಡನೆಯ ಸಲ ಬಂದಾಗ ನಟನ ಮುಖ ಹೆಚ್ಚೇನೂ ಮಾಡಬೇಕಿಲ್ಲ, ಮೊದಲ ಸಲದ ನೆನಪೇ ಮುಕ್ಕಾಲು ಕೆಲಸ ಮುಗಿಸಿರುತ್ತದೆ. ಜಿ.ಕೆ. ವೆಂಕಟೇಶ್ ಅವರ ಸಂಗೀತ ಈ ಲೆಕ್ಕಾಚಾರವನ್ನು ಎಲ್ಲೂ ಬಯಲು ಮಾಡುವುದಿಲ್ಲ. 2014ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗಲೂ ಜನ ಬಂದರು. ಬಣ್ಣ ಬೇಕಿತ್ತೇ ಎಂಬುದು ಬೇರೆ ಮಾತು. ಕಪ್ಪು–ಬಿಳುಪಿನಲ್ಲಿ ಆ ಮನೆಯ ಕತ್ತಲಿಗೆ ಇದ್ದ ಭಾರ ಬಣ್ಣದಲ್ಲಿ ಇಲ್ಲ.

ಇಷ್ಟು ಹೊಗಳಿದ ಮೇಲೆ ಕೇಳಲೇಬೇಕಾದ ಪ್ರಶ್ನೆ: ಗಂಡಸರು ಇಲ್ಲಿ ಯಾರಿಗಾಗಿ ಅಳುತ್ತಾರೆ? ಪಾರಿವಾಳಕ್ಕಂತೂ ಅಲ್ಲ. ‘ನಾನೂ ಕೊಟ್ಟೆ, ನನಗೂ ಯಾರೂ ತಿರುಗಿ ಕೊಡಲಿಲ್ಲ’ ಎಂಬ ಲೆಕ್ಕ ಸಂಸಾರ ಹೊತ್ತ ಪ್ರತಿ ಗಂಡಸಿನ ಜೇಬಿನಲ್ಲೂ ಮಡಚಿಟ್ಟಿರುತ್ತದೆ. ರವಿವರ್ಮ ಆ ಲೆಕ್ಕಕ್ಕೆ ಘನತೆ ತಂದುಕೊಡುತ್ತಾನೆ. ಅಷ್ಟರಮಟ್ಟಿಗೆ ಇದು ಮುಖಸ್ತುತಿ. ನೀಲಾಳ ಕಡೆಯಿಂದ ನೋಡಿದರೆ ಚಿತ್ರ ಬಡವಾಗಿದೆ. ಜಯಂತಿಯಂಥ ನಟಿ ಇದ್ದೂ ಆಕೆಯ ಪಾಲಿಗೆ ಬಂದದ್ದು ದಾನದ ವಸ್ತುವಾಗುವುದು, ಆಮೇಲೆ ದಾನಿಯ ಸಾವಿಗೆ ನಿಮಿತ್ತವಾಗುವುದು. ಮರುವರ್ಷದ ‘ಬಂಗಾರದ ಮನುಷ್ಯ’ದಲ್ಲೂ ಇದೇ ಬಂಡವಾಳ. ಅಕ್ಕನ ಸಂಸಾರವನ್ನು ಎತ್ತಿ ನಿಲ್ಲಿಸಿದ ರಾಜೀವ, ಅಕ್ಕನ ಮಗನಿಂದಲೇ ಮಾತು ಕೇಳಿಸಿಕೊಂಡು, ತನ್ನ ಪರವಾಗಿ ಒಂದು ಸಮಜಾಯಿಷಿಯನ್ನೂ ಕೊಡದೆ ಊರು ಬಿಡುತ್ತಾನೆ. ಒಂದು ಮಾತು ಆಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆಡದೇ ಇರುವುದೇ ಗಂಡಸುತನ ಎಂದು ಎರಡು ತಲೆಮಾರು ಆ ಚಿತ್ರದಿಂದ ಕಲಿತವು. ಮನೆಮನೆಯಲ್ಲಿ ಅದರ ಬೆಲೆ ತೆತ್ತವರೂ ಇದ್ದಾರೆ.

‘ಮುಂಗಾರು ಮಳೆ’ಯ ಮೊಲದ ಬಗ್ಗೆ ಹೆಚ್ಚು ಹೇಳುವುದು ಬೇಡ. ಪ್ರೀತಮ್ ಕೂಡ ರವಿವರ್ಮನ ವಂಶದವನೇ, ಪ್ರೀತಿಸಿದವಳನ್ನು ಬಿಟ್ಟುಕೊಡುತ್ತಾನೆ. ಅವನ ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಯೋಗರಾಜ ಭಟ್ಟರು ತಮ್ಮ ನಾಯಕನಿಗೆ ಅಷ್ಟು ಮಾತು ಕೊಟ್ಟದ್ದೇ ಕೊನೆಯಲ್ಲಿ ಅದನ್ನು ಕಿತ್ತುಕೊಳ್ಳಲು. ದೇವದಾಸ ಎಂಬ ಮೊಲ ಸತ್ತಾಗ ಕಾಲೇಜು ಹುಡುಗರಿಗೆ ಅಳಲು ನೆಪ ಸಿಕ್ಕಿತು. ಹುಡುಗಿ ಹೋದಳು ಎಂದು ಅಳುವುದಕ್ಕಿಂತ ಮೊಲ ಸತ್ತಿತು ಎಂದು ಅಳುವುದು ಮರ್ಯಾದೆಯ ಕೆಲಸ.

‘ಜೋಗಿ’ ಈ ಸಾಲಿಗೆ ಸೇರುವುದಿಲ್ಲ, ಅದಕ್ಕೇ ಅದು ಮುಖ್ಯ. ಪ್ರೇಮ್ ನಿರ್ದೇಶನದ ಈ 2005ರ ಚಿತ್ರದಲ್ಲಿ ಪ್ರಾಣಿಯಿಲ್ಲ, ತ್ಯಾಗವಿಲ್ಲ, ಒಳ್ಳೆಯತನದ ಲೆಕ್ಕವೂ ಇಲ್ಲ. ಹಳ್ಳಿಯ ಮಾದೇಶ ಬೆಂಗಳೂರಿಗೆ ಬಂದು ರೌಡಿಯಾಗುತ್ತಾನೆ. ತಾಯಿ ಅವನನ್ನು ಹುಡುಕಿಕೊಂಡು ಬರುತ್ತಾಳೆ. ಇಬ್ಬರೂ ಒಂದೇ ಊರಿನಲ್ಲಿದ್ದು ಒಬ್ಬರಿಗೊಬ್ಬರು ಸಿಗುವುದಿಲ್ಲ. ಸಿಕ್ಕೇಬಿಟ್ಟರು ಎನ್ನುವಾಗ ತಪ್ಪಿಸುವ ಆಟವನ್ನು ಪ್ರೇಮ್ ಎಷ್ಟು ಸಲ ಆಡುತ್ತಾರೆಂದರೆ ಅರ್ಧದಲ್ಲೇ ನೋಡುಗನಿಗೆ ಸಿಟ್ಟು ಬರಬೇಕು. ಅರುಂಧತಿ ನಾಗ್ ಆ ಸಿಟ್ಟು ಬರಗೊಡುವುದಿಲ್ಲ. ಊರು ಗೊತ್ತಿಲ್ಲದ ಹೆಂಗಸು ಊರಿನವರ ಮುಂದೆ ನಿಲ್ಲುವ ರೀತಿಯನ್ನು ಅವರು ಮೈಯಲ್ಲೇ ತಂದಿದ್ದಾರೆ.

ಆಮೇಲೆ ತಾಯಿಯ ಶವಯಾತ್ರೆ. ಹೆಣ ಯಾರದೆಂದು ತಿಳಿಯದೆ ಮಗ ಅದರ ಮುಂದೆ ಕುಣಿಯುತ್ತಾನೆ. ಕನ್ನಡ ವಾಣಿಜ್ಯ ಸಿನಿಮಾದ ಅತ್ಯಂತ ಕ್ರೂರ ದೃಶ್ಯ ಇದು, ಅತ್ಯಂತ ಜಾಣ ದೃಶ್ಯವೂ ಹೌದು. ಶಿವರಾಜ್‌ಕುಮಾರ್ ಕುಣಿದರೆ ಶಿಳ್ಳೆ ಹೊಡೆಯುವುದು ಅಭಿಮಾನಿಯ ಅಭ್ಯಾಸ. ಪ್ರೇಮ್ ಆ ಅಭ್ಯಾಸವನ್ನೇ ಕತ್ತಿ ಮಾಡಿಕೊಂಡರು. ಶಿಳ್ಳೆಗೆ ಹೋದ ಬೆರಳು ಬಾಯಲ್ಲೇ ನಿಲ್ಲಬೇಕು, ಯಾಕೆಂದರೆ ಹೆಣ ಯಾರದೆಂದು ಅವನಿಗೆ ಗೊತ್ತಿಲ್ಲ, ನೋಡುಗನಿಗೆ ಗೊತ್ತು. ಇಲ್ಲಿ ಗಂಡಸು ಅಳುವುದು ತನ್ನ ಒಳ್ಳೆಯತನಕ್ಕಲ್ಲ, ತಪ್ಪಿಗೆ. ಊರಲ್ಲಿ ತಾಯಿಯನ್ನು ಬಿಟ್ಟು ಬೆಂಗಳೂರಿನ ಗಾರ್ಮೆಂಟು, ಆಟೊ, ಹೋಟೆಲ್ ಕೆಲಸ ಹಿಡಿದ ಸಾವಿರಾರು ಮಕ್ಕಳಿಗೆ ಆ ಕುಣಿತ ನೇರವಾಗಿ ತಾಕಿತು. ಚಿತ್ರದ ಉಳಿದ ಹೊಡೆದಾಟಗಳಲ್ಲಿ ಮರೆಯಬಾರದ್ದು ಕಡಿಮೆ. ತೆಲುಗು, ತಮಿಳು ಎರಡಕ್ಕೂ ಈ ಕಥೆ 2007ರಲ್ಲಿ ಹೋಯಿತು, ಈ ಗುದ್ದು ಮಾತ್ರ ಇಲ್ಲೇ ಉಳಿಯಿತು.

ಇನ್ನು ಚಾರ್ಲಿ. ಕಿರಣ್‌ರಾಜ್ ಕೆ. ಕಥೆಯ ಬೇರನ್ನು ಜಾಣತನದಿಂದ ಮಹಾಭಾರತದಲ್ಲಿ ಇಳಿಸಿದ್ದಾರೆ. ನಾಯಕನ ಹೆಸರು ಧರ್ಮ, ಜೊತೆಗೊಂದು ನಾಯಿ, ಹೊರಟಿರುವುದು ಹಿಮದ ಬೆಟ್ಟದ ಕಡೆಗೆ. ಸ್ವರ್ಗಾರೋಹಣದ ದಾರಿಯಲ್ಲಿ ಧರ್ಮರಾಯನ ಹಿಂದೆ ಬಂದ ನಾಯಿ ಯಾರಿಗೆ ನೆನಪಿಲ್ಲ? ಮೊದಲರ್ಧ ನಿಜಕ್ಕೂ ಚೆನ್ನಾಗಿದೆ. ಅಪಘಾತದಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡು, ಕಾರ್ಖಾನೆ, ಬಿಯರ್, ಟೀವಿಯಲ್ಲಿ ಚಾಪ್ಲಿನ್ ಇಷ್ಟರಲ್ಲೇ ಬಾಗಿಲು ಹಾಕಿಕೊಂಡವನ ಸಿಡುಕನ್ನು ರಕ್ಷಿತ್ ಶೆಟ್ಟಿ ಎಲ್ಲೂ ಮುದ್ದು ಮಾಡುವುದಿಲ್ಲ. ಇನ್ನೊಂದು ಹೊಸತನವೂ ಇದೆ: ಈ ಗಂಡಸು ಕೊಡುವುದು ದಾನವನ್ನಲ್ಲ, ಆರೈಕೆಯನ್ನು. ಮೀಯಿಸುತ್ತಾನೆ, ಉಣಿಸುತ್ತಾನೆ, ಗಲೀಜು ಬಳಿಯುತ್ತಾನೆ. ರವಿವರ್ಮ ಇಷ್ಟು ಹತ್ತಿರ ಯಾವ ಜೀವದ ಬಳಿಗೂ ಹೋಗಲಿಲ್ಲ. ಧರ್ಮ ತೆರೆಯ ಮೇಲೇ ಬಿಕ್ಕಿ ಅಳುತ್ತಾನೆ, ಅದೂ ಹೊಸದೇ.

ದ್ವಿತೀಯಾರ್ಧದಲ್ಲಿ ಚಿತ್ರಕ್ಕೆ ತನ್ನ ಮೇಲೆ ನಂಬಿಕೆ ಕಡಿಮೆಯಾಗುತ್ತದೆ. ಒಂದೇ ರಕ್ತದ ನಾಯಿಗಳನ್ನು ಕೂಡಿಸಿ ಮರಿ ಮಾಡಿಸುವ ದಂಧೆಯಿಂದ ಚಾರ್ಲಿಗೆ ಕ್ಯಾನ್ಸರ್ ಬಂದಿದೆ ಎಂದು ಗೊತ್ತಾದ ಕ್ಷಣದಿಂದ ಕೊನೆ ತಿಳಿದೇ ಇರುತ್ತದೆ. ತಿಳಿದ ಕೊನೆಗೆ ಹೋಗಲು ಇಷ್ಟೊಂದು ನಿಲ್ದಾಣಗಳು ಬೇಕಿರಲಿಲ್ಲ. ನಿಲ್ದಾಣ ಬಂದಾಗಲೆಲ್ಲ ಹಾಡು ಏಳುತ್ತದೆ, ಅಳು ಎಂದು ಬೆನ್ನಿಗೆ ತಿವಿಯುತ್ತದೆ. ಎರಡನೆಯ ತಿವಿತಕ್ಕೆ ಅತ್ತವನು ನಾಲ್ಕನೆಯದಕ್ಕೆ ಗಡಿಯಾರ ನೋಡಿದರೆ ಅವನ ಮನಸ್ಸು ಕಲ್ಲೆಂದು ಬೈಯಬೇಕಿಲ್ಲ. ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದದ್ದು ಮೊದಲರ್ಧಕ್ಕೆ ಸಂದರೆ ಸರಿ.

ಅಂದಹಾಗೆ, ಅದೇ 2022ರ ಮಾರ್ಚ್ 17ರಂದು ‘ಜೇಮ್ಸ್’ ಬಿಡುಗಡೆಯಾದಾಗ ಚಿತ್ರಮಂದಿರಗಳಲ್ಲಿ ಹರಿದ ಕಣ್ಣೀರನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ನಾಲ್ಕೂವರೆ ತಿಂಗಳ ಹಿಂದೆ ತೀರಿಹೋದ ಪುನೀತ್ ರಾಜ್‌ಕುಮಾರ್ ತೆರೆಯ ಮೇಲಿದ್ದರು, ಅವರಿಗೆ ಅಣ್ಣನ ದನಿಯಿತ್ತು. ಆ ಸಾಮಾನ್ಯ ಆ್ಯಕ್ಷನ್ ಚಿತ್ರದ ಮುಂದೆ ಜನ ಅತ್ತದ್ದು ಸಿನಿಮಾಕ್ಕಲ್ಲ.

ನೆಪವಿಲ್ಲದೆ, ತಿವಿಯದೆ ಗಂಡಸನ್ನು ಅಳಿಸಿದ ಚಿತ್ರ ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. 2016ರ ಈ ಚಿತ್ರದ ಹೆಸರನ್ನು ‘ಕಾಣೆಯಾಗಿದ್ದಾರೆ’ ಪ್ರಕಟಣೆಯ ಭಾಷೆಯಿಂದ ತೆಗೆದದ್ದು. ಮರೆವಿನ ಕಾಯಿಲೆಯ ವೆಂಕೋಬರಾವ್ ಮಗನ ಕಣ್ಣು ತಪ್ಪಿ ಕಾಣೆಯಾಗುತ್ತಾರೆ. ಕೆಲಸ, ಬಡ್ತಿ ಎಂದು ಮುಂಬೈ ಸೇರಿದ ಮಗ ಶಿವನಿಗೆ ಅಪ್ಪನನ್ನು ಹುಡುಕುವಾಗ ತಿಳಿಯುವುದು ಅಪ್ಪ ಯಾರೆಂದೇ ತನಗೆ ಗೊತ್ತಿಲ್ಲ ಎಂಬುದು. ಪುಷ್ಪ ಎಂಬವಳನ್ನು ಪ್ರೀತಿಸಿದ ತಮ್ಮ ಹರೆಯದ ಕಥೆಯನ್ನು ಅಪ್ಪ ಪರರಿಗೆ ಹೇಳಿದ್ದಾರೆ, ಮಗನಿಗೆ ಹೇಳಿಲ್ಲ. ಮಗ ಕೇಳಿಯೂ ಇಲ್ಲ. ಕನ್ನಡದ ಅಪ್ಪ–ಮಕ್ಕಳ ನಡುವಿನ ಮೌನವನ್ನು ಘನತೆ ಎಂದು ಹೊಗಳದೆ ನಷ್ಟ ಎಂದು ತೋರಿಸಿದ ಚಿತ್ರ ಇದು. ‘ಬಂಗಾರದ ಮನುಷ್ಯ’ನಿಗೆ ನಲವತ್ತನಾಲ್ಕು ವರ್ಷ ತಡವಾಗಿ ಬಂದ ಉತ್ತರ ಎನ್ನಲೂಬಹುದು.

ಅನಂತನಾಗ್ ಇಲ್ಲಿ ಒಮ್ಮೆಯೂ ಕಣ್ಣೀರು ಬೇಡುವುದಿಲ್ಲ. ಎದುರಿಗಿರುವ ಕೊಲೆಗಾರನಿಗೂ ಮನೆಯ ಹುಡುಗನಿಗೆ ಹೇಳುವಂತೆ ಮಾತು ಹೇಳುತ್ತಾರೆ, ನಗುತ್ತಾರೆ, ನಡುವೆ ಎಲ್ಲೋ ತಪ್ಪಿಹೋಗುತ್ತಾರೆ. ಆ ತಪ್ಪಿಹೋಗುವಿಕೆಗೆ ಹಿನ್ನೆಲೆ ಸಂಗೀತದ ಗುರುತು ಹಾಕದೆ ಬಿಟ್ಟದ್ದು ಹೇಮಂತ್ ಅವರ ಸಂಯಮ. ಭೂಗತ ಲೋಕದ ಉಪಕಥೆ ಉದ್ದವಾಯಿತು ಎಂಬ ದೂರು ನ್ಯಾಯವಾದದ್ದೇ. ಆದರೂ ರೌಡಿ ರಂಗನ ಪಾತ್ರದಲ್ಲಿ ವಸಿಷ್ಠ ಸಿಂಹ ಮೆತ್ತಗಾಗುವ ಬಗೆ ಆ ಉದ್ದವನ್ನು ಅರ್ಧ ತೀರಿಸುತ್ತದೆ.

ಅಳಿಸದೇ ಇರುವುದನ್ನೂ ಒಂದು ಚಿತ್ರ ಆರಿಸಿಕೊಳ್ಳಬಹುದು ಎಂಬುದಕ್ಕೆ ತೇಜಸ್ವಿಯವರ ಕಥೆಯಿಂದ ಗಿರೀಶ್ ಕಾಸರವಳ್ಳಿ ತೆಗೆದ ‘ತಬರನ ಕಥೆ’ ಇದೆ. ನಿವೃತ್ತ ನೌಕರನೊಬ್ಬ ಪಿಂಚಣಿಗಾಗಿ ಅಲೆಯುತ್ತಾನೆ, ಹಣ ಬರುವಷ್ಟರಲ್ಲಿ ಹೆಂಡತಿ ಉಳಿದಿರುವುದಿಲ್ಲ. ಚಾರುಹಾಸನ್ ಅವರ ಮುಖ ನೋಡಿ ಗಂಟಲು ಕಟ್ಟುವ ಹೊತ್ತಿಗೆ ಕಾಸರವಳ್ಳಿ ಕ್ಯಾಮೆರಾವನ್ನು ಕಚೇರಿಯ ಮೇಜುಗಳ ಕಡೆ ತಿರುಗಿಸುತ್ತಾರೆ. ಅತ್ತು ಹಗುರಾಗಿ ಮನೆಗೆ ಹೋಗುವ ಸೌಲಭ್ಯವನ್ನು ಈ ಚಿತ್ರ ಕೊಡುವುದಿಲ್ಲ, ಸಿಟ್ಟನ್ನು ಕೊಟ್ಟು ಕಳಿಸುತ್ತದೆ. ಚಿತ್ರಕ್ಕೂ ಚಾರುಹಾಸನ್ ಅವರಿಗೂ ರಾಷ್ಟ್ರೀಯ ಶ್ರೇಷ್ಠ ಪ್ರಶಸ್ತಿಗಳು ಬಂದವು.

ಕಸುಬಿನಲ್ಲಿ ‘ಕಸ್ತೂರಿ ನಿವಾಸ’ವನ್ನು ಮೀರಿಸಿದ ಅಳುವಿನ ಚಿತ್ರ ಕನ್ನಡದಲ್ಲಿ ಇನ್ನೂ ಬಂದಿಲ್ಲ. ಆದರೆ ಅದನ್ನು ನೋಡಿ ಎದ್ದವನು ತಾನೆಷ್ಟು ಒಳ್ಳೆಯವನು ಎಂದುಕೊಳ್ಳುತ್ತಾನೆ. ‘ಗೋಧಿ ಬಣ್ಣ’ ನೋಡಿದವನು ಊರಿಗೆ ಫೋನು ಮಾಡುತ್ತಾನೆ. ಇವೆರಡರಲ್ಲಿ ದೊಡ್ಡ ಚಿತ್ರ ಎರಡನೆಯದು.