ಹೋರಾಟದ ಕಥನ, ಚಾಕರಿಯ ಕಾಲ: ‘ಎಣ್ಮಕಜೆ’ಯ ಮರು ಓದು

ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳಂ ಕಾದಂಬರಿ ‘ಎಣ್ಮಕಜೆ’ 2009ರಲ್ಲಿ ಪ್ರಕಟವಾಯಿತು. ಜೆ. ದೇವಿಕಾ ಅವರ ಇಂಗ್ಲಿಷ್ ಅನುವಾದ 2017ರಲ್ಲಿ ‘ಸ್ವರ್ಗ’ ಎಂಬ ಹೆಸರಿನಲ್ಲಿ ಬಂತು. ಕಾಸರಗೋಡಿನ ಎಂಡೋಸಲ್ಫಾನ್ ದುರಂತವನ್ನು ಹೊರಜಗತ್ತು ಸಾಹಿತ್ಯದ ಮೂಲಕ ಅರಿತದ್ದು ಬಹುಮಟ್ಟಿಗೆ ಈ ಕೃತಿಯಿಂದಲೇ. ಎಣ್ಮಕಜೆ ಕನ್ನಡ, ತುಳು, ಮಲಯಾಳಂ, ಮರಾಠಿ, ಕೊಂಕಣಿಗಳು ಒಂದೇ ಅಂಗಳದಲ್ಲಿ ಕೇಳಿಬರುವ ಗಡಿ ಪಂಚಾಯತು. ಸ್ವರ್ಗ ಅದೇ ಪಂಚಾಯತಿನ ಒಂದು ಊರು. ಹೀಗಾಗಿ ಕಾದಂಬರಿಯ ಎರಡು ಶೀರ್ಷಿಕೆಗಳೂ ಗಡಿಯ ಕನ್ನಡಿಗರಿಗೆ ರೂಪಕಗಳಾಗುವ ಮೊದಲು ವಿಳಾಸಗಳು. ಆ ವಿಳಾಸಗಳ ಮನೆಗಳಲ್ಲಿ ಇಂದಿಗೂ ನಡೆಯುತ್ತಿರುವ ಕೆಲಸವನ್ನು ಎದುರಿಗಿಟ್ಟುಕೊಂಡು ಕಾದಂಬರಿಯನ್ನು ಮತ್ತೆ ಓದಿದರೆ, ಅದರ ಶಕ್ತಿಯ ಜೊತೆಗೆ ಅದರ ಒಂದು ಮುಖ್ಯವಾದ ಮೌನವೂ ಗೋಚರಿಸುತ್ತದೆ.

ಹಿನ್ನೆಲೆ ತಿಳಿದದ್ದೇ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದ ನಡುವಿನಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಕೀಟನಾಶಕ ಸಿಂಪಡಣೆ ನಡೆಯಿತು. ಪಡ್ರೆಯ ಪತ್ರಕರ್ತ ಶ್ರೀಪಡ್ರೆ, ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರ್, ಸಿಂಪಡಣೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದ ಲೀಲಾಕುಮಾರಿ ಅಮ್ಮ ಮೊದಲಾದವರ ಪ್ರಯತ್ನದಿಂದ ಅಂಗಳದ ಅನುಮಾನ ಸಾರ್ವಜನಿಕ ಪ್ರಶ್ನೆಯಾಯಿತು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಿಷವನ್ನು ದೇಶದಾದ್ಯಂತ ತಡೆಹಿಡಿಯಿತು. ಹೋರಾಟದ ಚರಿತ್ರೆಗೆ ಅಲ್ಲಿ ಒಂದು ಘಟ್ಟ ಮುಗಿಯುತ್ತದೆ. ಆದರೆ ಹಾಸಿಗೆ ಹಿಡಿದ ಮಕ್ಕಳಿರುವ ಮನೆಗಳಿಗೆ ಅದು ಯಾವ ಘಟ್ಟವೂ ಆಗಿರಲಿಲ್ಲ. ವಿಷ ಬೀಳುವುದು ನಿಂತ ಮೇಲೂ ಆ ದೇಹಗಳನ್ನು ತೊಳೆಯಬೇಕಿತ್ತು, ತಿರುಗಿಸಿ ಮಲಗಿಸಬೇಕಿತ್ತು, ಉಣ್ಣಿಸಬೇಕಿತ್ತು.

ಕಾದಂಬರಿ ಶುರುವಾಗುವುದು ಸಮಾಜಕ್ಕೆ ಬೆನ್ನು ಹಾಕಿ ಕಾಡು ಸೇರಿದ ಇಬ್ಬರಿಂದ. ಗಂಡು, ಹೆಣ್ಣು ಎಂಬ ಬರಿಯ ಗುರುತಿನಲ್ಲಿ ಬದುಕುತ್ತಿರುವ ಅವರ ನಡುವೆ ಮೈತುಂಬ ವ್ರಣಗಳಿರುವ ಒಂದು ಮಗು ಬರುತ್ತದೆ. ಮಗು ಬಂದೊಡನೆ ಬಿಟ್ಟುಬಂದ ಹೆಸರುಗಳೂ ಮರಳುತ್ತವೆ: ಅವರು ನೀಲಕಂಠನ್ ಮತ್ತು ದೇವಯಾನಿ, ಮಗು ಪರೀಕ್ಷಿತ್. ಈ ಆರಂಭದಲ್ಲಿ ಮಾಂಗಾಡ್ ಒಂದು ಆಳವಾದ ಸತ್ಯವನ್ನು ಹಿಡಿದಿದ್ದಾರೆ. ಮತ್ತೊಬ್ಬರ ನೋವಿನ ಹೊಣೆ ಹೊರುವವರು ಅನಾಮಧೇಯರಾಗಿ ಉಳಿಯಲಾರರು; ಹೊಣೆ ಮನುಷ್ಯನನ್ನು ಹೆಸರಿನೊಳಕ್ಕೆ, ಊರಿನೊಳಕ್ಕೆ, ಜಗಳದೊಳಕ್ಕೆ ಎಳೆದುತರುತ್ತದೆ. ಜಟಾಧಾರಿ ಭೂತದ ಮುನಿಸೆಂದು ಊರು ನಂಬಿದ ಸಂಕಟವನ್ನು ಕಾದಂಬರಿ ಹೀಗಳೆಯುವುದಿಲ್ಲ. ನಂಬಿಕೆಯ ಭಾಷೆಯಲ್ಲಿಯೇ ಅದು ವಿಷದ ಸುದ್ದಿಯನ್ನು ಹೇಳಿಸುತ್ತದೆ.

ಆದರೆ ಮಗುವಿನ ಆರೈಕೆಯಿಂದ ಹೊರಟ ಕಥೆ ಬಹುಬೇಗ ಹೋರಾಟದ ಕಥೆಯಾಗಿಬಿಡುತ್ತದೆ. ಸಭೆ, ಮೆರವಣಿಗೆ, ರಾಜಕಾರಣಿಯ ವಂಚನೆ, ಬೆದರಿಕೆ, ಹಿಂಸೆ ಇವುಗಳ ಮೂಲಕ ಸಾಗಿ, ಕೊನೆಯಲ್ಲಿ ಮನುಷ್ಯಲೋಕವನ್ನು ತೊರೆದು ಗುಹೆಯನ್ನು ಹೊಗುವಲ್ಲಿ ನಿಲ್ಲುತ್ತದೆ. ಅಂದರೆ ಕಾದಂಬರಿಯ ನೈತಿಕ ಲೋಕದಲ್ಲಿ ಸಂವೇದನಾಶೀಲರಿಗೆ ಎರಡೇ ದಾರಿಗಳಿವೆ: ಕಾದುವುದು ಅಥವಾ ತೊರೆಯುವುದು. ಇವೆರಡರ ನಡುವೆ ಮೂರನೆಯದೊಂದಿದೆ. ನಾಳೆ ಬೆಳಗ್ಗೆಯೂ ಅದೇ ಮನೆಗೆ ಹೋಗುವುದು. ಆ ದಾರಿಗೆ ಕೃತಿಯಲ್ಲಿ ತಕ್ಕ ಜಾಗವಿಲ್ಲ.

ಗಡಿಯ ಕನ್ನಡದಲ್ಲಿ ಈ ಮೂರನೆಯ ದಾರಿಗೆ ಒಂದು ಹೆಸರಿದೆ: ಚಾಕರಿ. ಬೇರೆಡೆ ಈ ಪದಕ್ಕೆ ಊಳಿಗದ ಅರ್ಥವೇ ಪ್ರಧಾನ. ಕರಾವಳಿಯ ಮನೆಮಾತಿನಲ್ಲಾದರೋ ಹಾಸಿಗೆ ಹಿಡಿದವರ ಮಲಮೂತ್ರ ಬಳಿದು ನೋಡಿಕೊಳ್ಳುವುದೂ ಚಾಕರಿಯೇ. ‘ಸೇವೆ’ ಎಂಬ ಮಾತಿಗಿರುವ ಪುಣ್ಯದ ಲೇಪ ಇದಕ್ಕಿಲ್ಲ. ‘ಹೋರಾಟ’ಕ್ಕಿರುವ ಗೌರವವೂ ಇಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರುಗಳಲ್ಲಿ ಈ ಕೆಲಸ ಮಾಡುತ್ತಿರುವವರು ತಾಯಂದಿರು, ಬಡ್ಸ್ ಶಾಲೆಗಳ ಶಿಕ್ಷಕಿಯರು ಮತ್ತು ಆಯಾಗಳು, ಆಶಾ ಕಾರ್ಯಕರ್ತೆಯರು, ಪಾಲಿಯೇಟಿವ್ ದಾದಿಯರು, ಸಣ್ಣ ಸ್ವಯಂಸೇವಾ ಸಂಸ್ಥೆಗಳ ಹುಡುಗ ಹುಡುಗಿಯರು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆಂದೇ ಕೇರಳ ಸರಕಾರ ರೂಪಿಸಿದ ‘ಆಶ್ವಾಸಕಿರಣಂ’ ಯೋಜನೆ ಚಾಕರಿಗೆ ಕೊಟ್ಟ ಬೆಲೆ ತಿಂಗಳಿಗೆ 600 ರೂಪಾಯಿ. ಸಮಾಜ ಈ ಶ್ರಮವನ್ನು ಹೇಗೆ ಕಾಣುತ್ತದೆ ಎಂಬುದಕ್ಕೆ ಈ ಅಂಕಿಗಿಂತ ಸ್ಪಷ್ಟವಾದ ವಿಮರ್ಶಾವಾಕ್ಯ ಬೇಕಿಲ್ಲ.

ಈ ಕಾರ್ಯಕರ್ತರ ಮೊದಲ ಕಷ್ಟ ಭಾಷೆಯದು. ತಾಯಿ ತನ್ನ ಮಗುವಿನ ಸ್ಥಿತಿಯನ್ನು ತುಳುವಿನಲ್ಲಿಯೋ ಕನ್ನಡದಲ್ಲಿಯೋ ಹೇಳುತ್ತಾಳೆ, ಅರ್ಜಿ ಮಲಯಾಳದಲ್ಲಿದೆ, ವೈದ್ಯರ ಷರಾ ಇಂಗ್ಲಿಷಿನಲ್ಲಿದೆ. ಈ ಮೂರರ ನಡುವೆ ಓಡಾಡುವವರಿಗೆ ಅನುವಾದಕ ಎಂಬ ಹುದ್ದೆಯಿಲ್ಲ, ಸಂಬಳವಂತೂ ಇಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ, ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಭಾಷಾ ಹಕ್ಕಿನ ಚರ್ಚೆ ಸಾಮಾನ್ಯವಾಗಿ ಶಾಲೆ ಮತ್ತು ನೇಮಕಾತಿಗಳ ಸುತ್ತಲೇ ಸುತ್ತುತ್ತದೆ. ಪಿಂಚಣಿಯ ಅರ್ಜಿಯಲ್ಲಿ ಒಂದು ತಪ್ಪು ಪದ ಬಿದ್ದರೆ ಮಗುವಿನ ಔಷಧಿ ತಪ್ಪಬಹುದೆಂಬುದನ್ನು ಬಲ್ಲವರು ಮಾತ್ರ ಆ ಹಕ್ಕು ರೋಗಿಯ ಹಾಸಿಗೆಯವರೆಗೂ ತಲುಪಬೇಕೆಂದು ಬಲ್ಲರು. ಭಾಷೆಯಂತೆ ಗಡಿಯೂ ಅಡ್ಡಬರುತ್ತದೆ. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾದರೂ ಅದು ವರ್ಷಗಟ್ಟಲೆ ಅಪೂರ್ಣವಾಗಿಯೇ ಉಳಿಯಿತು. ದೊಡ್ಡ ಚಿಕಿತ್ಸೆಗೆ ಮಂಗಳೂರೇ ಗತಿ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ಗತಿಯೂ ಇಲ್ಲದಂತಾಯಿತು.

ಎರಡನೆಯ ಕಷ್ಟ ಪಟ್ಟಿಯದು. ಸಂತ್ರಸ್ತರ ಪಟ್ಟಿಗೆ ಹೆಸರು ಸೇರಬೇಕಾದರೆ ವೈದ್ಯಕೀಯ ಶಿಬಿರಕ್ಕೆ ಹೋಗಬೇಕು. ಶಿಬಿರದ ಸುದ್ದಿ ಮುಟ್ಟಿಸುವವರು, ಜೀಪು ಗೊತ್ತುಮಾಡುವವರು, ಸರದಿಯಲ್ಲಿ ನಿಲ್ಲಿಸುವವರು ಇದೇ ಕಾರ್ಯಕರ್ತರು. ಒಬ್ಬರ ಹೆಸರು ಸೇರಿ ನೆರೆಮನೆಯವರದು ಬಿಟ್ಟುಹೋದರೆ ಸಿಟ್ಟನ್ನು ಉಣ್ಣಬೇಕಾದವರೂ ಅವರೇ. ನಿಯಮ ಮಾಡುವ ಅಧಿಕಾರವಿಲ್ಲದೆ ನಿಯಮದ ಮುಖವಾಗಿ ನಿಲ್ಲಬೇಕಾದ ಈ ಇಕ್ಕಟ್ಟು ಎಲ್ಲೆಡೆಯ ಸಮಾಜಕಾರ್ಯಕರ್ತರದೂ ಹೌದು. 2017ರ ಶಿಬಿರದ ನಂತರ ಕೈಬಿಟ್ಟ ಮಕ್ಕಳಿಗಾಗಿ ತಾಯಂದಿರು 2019ರಲ್ಲಿ ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಕುಳಿತರು. ಅದರ ಫಲವಾಗಿ 18 ವರ್ಷದೊಳಗಿನವರನ್ನು ಸೇರಿಸಿಕೊಳ್ಳಲು ಸರಕಾರ ಒಪ್ಪಿತು. ಚಾಕರಿ ಮಾಡುವವರೇ ಹೋರಾಟಕ್ಕೂ ಇಳಿದ ಗಳಿಗೆಯದು. ಕಾದಂಬರಿ ಬೇರೆಬೇರೆಯಾಗಿ ಕಂಡ ಎರಡು ದಾರಿಗಳು ಇಲ್ಲಿ ಒಂದೇ ಹೆಗಲ ಮೇಲೆ ಕೂಡಿದವು. ಆದರೆ ಆ ದಿನಗಳಲ್ಲಿ ಮನೆಯಲ್ಲುಳಿದ ಮಗುವಿಗೆ ಅನ್ನ ಉಣ್ಣಿಸಿದವರಾರು ಎಂಬ ಪ್ರಶ್ನೆಯನ್ನು ಯಾವ ವರದಿಗಾರನೂ ಕೇಳುವುದಿಲ್ಲ.

ಮೂರನೆಯದು ಚಿತ್ರದ ಕಷ್ಟ. ಈ ದುರಂತ ಲೋಕಕ್ಕೆ ಮುಟ್ಟಿದ್ದು ಛಾಯಾಚಿತ್ರಗಳ ಮೂಲಕ. ಡಾ. ಬಿಜು ಅವರ ‘ವಲಿಯ ಚಿರಗುಳ್ಳ ಪಕ್ಷಿಗಳ್’ (2015) ಚಲನಚಿತ್ರದ ಕೇಂದ್ರಪಾತ್ರವೂ ಛಾಯಾಗ್ರಾಹಕನೇ. ನೋಡುವವನ ಸಂಕಟವನ್ನು ಕೇಂದ್ರಕ್ಕೆ ತಂದದ್ದು ಆ ಚಿತ್ರದ ಪ್ರಾಮಾಣಿಕತೆ. ಆದರೆ ನೋಡುವವನು ಹೊರಗಿನಿಂದ ಬಂದವನು, ನೋಡಿ ಹೊರಡುವವನು. ಸ್ವಯಂಸೇವಾ ಸಂಸ್ಥೆಗಳು ಈ ಚಿತ್ರಗಳನ್ನು ಬಿಡಲಾರವು, ಇಟ್ಟುಕೊಳ್ಳಲೂ ಆರವು. ವಿಕಾರಗೊಂಡ ದೇಹದ ಚಿತ್ರವಿಲ್ಲದೆ ದಾನಿಯ ಮನ ಕರಗದು. ಚಿತ್ರ ತೋರಿಸಿದರೆ ಮಗು ತನ್ನ ಹೆಸರನ್ನು ಕಳೆದುಕೊಂಡು ರೋಗದ ಗುರುತಾಗುತ್ತದೆ. ಪರೀಕ್ಷಿತನಿಗೆ ಹೆಸರು ಕೊಟ್ಟ ಕಾದಂಬರಿಕಾರ ಈ ಅಪಾಯವನ್ನು ಬಲ್ಲವರು. ಆದರೂ ವ್ರಣಗಳ ವರ್ಣನೆಯ ಮುಂದೆ ಆ ಮಗುವಿನ ಇಷ್ಟಾನಿಷ್ಟಗಳು, ನಗು, ಹಟ ಮಸುಕಾಗುತ್ತವೆ.

ಕಾದಂಬರಿಯೇನು ಸಮಾಜಕಾರ್ಯದ ಕೈಪಿಡಿಯೇ ಎಂದು ಕೇಳಬಹುದು. ಅಲ್ಲ. ಮಾಂಗಾಡ್ ಸ್ವತಃ ಈ ಚಳವಳಿಯೊಳಗೆ ನಿಂತವರು. ವಿಷ ಇನ್ನೂ ದೇಶದಾದ್ಯಂತ ನಿಷೇಧವಾಗಿರದ ಕಾಲದಲ್ಲಿ, ಎಚ್ಚರಿಸುವ ತುರ್ತಿನಿಂದ ಬರೆದರು. ಆ ತುರ್ತೇ ಕೃತಿಗೆ ಆರಂಭ, ಏರು, ಮುಕ್ತಾಯಗಳ ಆಕೃತಿಯನ್ನು ಕೊಟ್ಟಿತು. ಚಾಕರಿಯ ಕಾಲಕ್ಕಾದರೋ ಏರಿಲ್ಲ, ಮುಕ್ತಾಯವಿಲ್ಲ. ಇರುವುದು ಮರುಕಳಿಕೆ ಮಾತ್ರ. ನ್ಯಾಯದ ಕಾಲವೂ ಹಾಗೆಯೇ ನಿಧಾನ. ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಜನವರಿಯಲ್ಲಿ ಆದೇಶಿಸಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಗಮನಿಸಿದಂತೆ, 3,704 ಮಂದಿಯಲ್ಲಿ ಅಷ್ಟರವರೆಗೆ ಹಣ ಪಡೆದವರು ನ್ಯಾಯಾಲಯಕ್ಕೆ ಹೋದ ಎಂಟು ಮಂದಿ. ಈ ಐದು ವರ್ಷಗಳ ಒಂದೊಂದು ದಿನವನ್ನೂ ಯಾರೋ ಒಬ್ಬರು ದಾಟಿಸಿದ್ದಾರೆ. ಅದನ್ನು ಹೇಳಲು ದುರಂತಕಥನದ ಆಕೃತಿ ಸಾಲದು.

ಸಿಂಪಡಣೆ ನಿಂತಾಗ ಎಳೆಯರಾಗಿದ್ದವರು ಈಗ ವಯಸ್ಕರು. ಅವರನ್ನು ಎತ್ತುತ್ತಿದ್ದ ತಾಯಂದಿರ ಸೊಂಟ ಸೋತಿದೆ. ತಾನು ಸತ್ತ ಮೇಲೆ ಇವನನ್ನು ಯಾರು ನೋಡುವರೆಂಬುದೇ ಇಂದು ಆ ಮನೆಗಳ ಮುಖ್ಯ ಪ್ರಶ್ನೆ. ಕೃಷಿ, ವೈದ್ಯ, ಕಾನೂನು ಎಲ್ಲವೂ ಎಂಡೋಸಲ್ಫಾನಿನ ಬಗ್ಗೆ ಬರೆದಿವೆ. ಗಡಿಯ ಕನ್ನಡ ಸಾಹಿತ್ಯ ಮತ್ತು ವಿಮರ್ಶೆಗಳಿಗೆ ಉಳಿದಿರುವುದು ಈ ಪ್ರಶ್ನೆ. ಬಡ್ಸ್ ಶಾಲೆಯ ದಿನಚರಿ, ಆಶಾ ಕಾರ್ಯಕರ್ತೆಯ ಭೇಟಿ ಪುಸ್ತಕ, ತುಳುವಿನಲ್ಲಿ ಹೇಳಿ ಮಲಯಾಳದಲ್ಲಿ ಬರೆಸಿದ ಅರ್ಜಿಗಳ ಕರಡು, ತಾಯಂದಿರ ಬಾಯ್ದೆರೆಯ ಮಾತು ಇವೆಲ್ಲ ಓದಲು ಕಾದಿರುವ ಪಠ್ಯಗಳು. ಹೆಸರುಗಳ ಗೌಪ್ಯವನ್ನು ಕಾಯ್ದು, ಹೇಳಿದವರ ಒಪ್ಪಿಗೆ ಪಡೆದು ಅವನ್ನು ಸಂಗ್ರಹಿಸುವ ಕೆಲಸ ಆ ತಾಯಂದಿರು ಬದುಕಿರುವಾಗಲೇ ಆಗಬೇಕು.