ಹ್ಯಾಟನ್ನು ಮಗುಚಿ ನೋಡಿ

ಹಳೆಯ ಫ್ರೆಂಚ್ ಫೆಲ್ಟ್ ಹ್ಯಾಟು ಮಾರುವವರಿಗೆ 1930ರ ದಶಕದ ಮೇಲೆ ವಿಪರೀತ ಪ್ರೀತಿ. ಅಂಚು ಅಗಲವಾಗಿದ್ದು, ನೆತ್ತಿಯ ಮುಂಭಾಗ ಎರಡು ಬೆರಳಲ್ಲಿ ಚಿವುಟಿದಂತೆ ಒಳಸರಿದಿದ್ದರೆ ಸಾಕು, ಚೀಟಿಯ ಮೇಲೆ ಆ ದಶಕ ಬಂದು ಕೂರುತ್ತದೆ, ಅದರ ಹಿಂದೆಯೇ ಬೆಲೆಯೂ ಏರುತ್ತದೆ. ನಮ್ಮಲ್ಲಿ ಟೋಪಿ ಹಾಕುವುದಕ್ಕೆ ಎರಡು ಅರ್ಥ ಇರುವುದು ಸುಮ್ಮನೆ ಅಲ್ಲ! ಹಾಗೆಂದು ಮಾರುವವರೆಲ್ಲ ಮೋಸಗಾರರೇನೂ ಅಲ್ಲ. ಆಕಾರ ನೋಡಿ ಕಾಲ ಹೇಳಬಹುದೆಂದು ಅವರಲ್ಲಿ ಅನೇಕರು ನಿಜವಾಗಿಯೇ ನಂಬಿದ್ದಾರೆ. ನನಗೆ ಆ ನಂಬಿಕೆಯಿಲ್ಲ. ಹ್ಯಾಟು ಕೊಡುವ ಸಾಕ್ಷ್ಯಗಳಲ್ಲಿ ಆಕಾರದ್ದೇ ಅತಿ ದುರ್ಬಲ. ಅದನ್ನು ಮಗುಚಿ ಒಳಗೆ ನೋಡಬೇಕು, ಅಲ್ಲೂ ಫ್ಯಾಷನ್ನಿಗಿಂತ ಫ್ರಾನ್ಸಿನ ಟೆಲಿಫೋನು ಮತ್ತು ಪೇಟೆಂಟ್ ನಿಯಮಗಳ ಮಾತಿಗೆ ಹೆಚ್ಚು ಕಿವಿಗೊಡಬೇಕು.

ಆಕಾರವನ್ನು ಯಾಕೆ ನಂಬಬಾರದು ಎಂಬುದು ಫೆಲ್ಟಿನ ಹುಟ್ಟಿನಲ್ಲೇ ಇದೆ. ಕಂಬಳಿಗಿರುವಂತೆ ಇದಕ್ಕೆ ಹಾಸು ಹೊಕ್ಕು ಇಲ್ಲ. ಮೊಲದ ಕೂದಲಿನ ಮೈಮೇಲಿರುವ ಸೂಕ್ಷ್ಮ ಹುರುಪೆಗಳು ಬಿಸಿನೀರಿನಲ್ಲಿ ಉಜ್ಜಿದಷ್ಟೂ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ದೊಡ್ಡ ಶಂಕುವಿನಾಕಾರದ ಸಡಿಲ ರಾಶಿ ಕುಗ್ಗಿ ಕುಗ್ಗಿ ಗಟ್ಟಿಯಾಗುತ್ತದೆ. ಲಿಯೋನ್ ಬಳಿಯ ಶಾಜೆಲ್, ದಕ್ಷಿಣದ ಎಸ್ಪೆರಾಜಾ, ಮೊಸ್ಸಾಂ ಕಂಪನಿಯಿದ್ದ ಬೂರ್-ದ-ಪೇಯಾಜ್, ಈ ಊರುಗಳೆಲ್ಲ ಬದುಕಿದ್ದು ಇದೇ ಕೆಲಸದಿಂದ. ಹೀಗೆ ಹುಟ್ಟಿದ ವಸ್ತು ಹಬೆ ತಾಗಿದರೆ ಮತ್ತೆ ಮೆತ್ತಗಾಗಿ, ಹೊಸ ಮರದ ಅಚ್ಚಿನ ಮೇಲೆ ಹೊಸ ರೂಪಕ್ಕೆ ಒಗ್ಗಿಕೊಳ್ಳುತ್ತದೆ. 1925ರ ಹ್ಯಾಟಿಗೆ 1955ರ ನೆತ್ತಿ ಕೂರಿಸುವುದು ರಿಪೇರಿ ಅಂಗಡಿಯವನಿಗೆ ಮಾಮೂಲಿ ಕೆಲಸವಾಗಿತ್ತು. ಅಂಚಿನದು ಸ್ವಲ್ಪ ಬೇರೆ ಕಥೆ. ಅಗಲದ ಅಂಚನ್ನು ಕತ್ತರಿಸಿ ಕಿರಿದು ಮಾಡಬಹುದು, ಕಿರಿದಾದದ್ದನ್ನು ಬೆಳೆಸಲಾಗದು. ಹಾಗಾಗಿ ಅಗಲದ ಅಂಚಿನ ಮಾತಿಗೆ ಒಂದಿಷ್ಟು ತೂಕ ಕೊಡಬಹುದು, ಕಿರಿದಾದ ಅಂಚಿನ ಮಾತಿಗೆ ಅದೂ ಇಲ್ಲ. ಅಗಲದ್ದೂ ಪೂರ್ತಿ ನಂಬಿಕಸ್ಥನಲ್ಲ: ಮೂವತ್ತರ ದಶಕದ ಮಾರ್ಸೆಯ ಪುಂಡರ ಕಥೆ ಹೇಳುವ ‘ಬೊರ್ಸಲಿನೊ’ ಸಿನಿಮಾ 1970ರಲ್ಲಿ ಬಂದಿತು, ನಟರಾದ ಡೆಲೋನ್, ಬೆಲ್ಮೊಂಡೊ ತಲೆಯ ಮೇಲೆ ಆ ಹಳೆಯ ರೂಪ ಮತ್ತೆ ಕಾಣಿಸಿಕೊಂಡಿತು. ಅಂಥದ್ದನ್ನು ಬಯಸುವವರು ಇರುವ ತನಕ ಮಾಡುವವರೂ ಇರುತ್ತಾರೆ.

ಹಣೆಗೆ ತಾಗುವ ಒಳಗಿನ ಚರ್ಮದ ಪಟ್ಟಿಯ ಮೇಲೆ ಚಿನ್ನದ ಬಣ್ಣದಲ್ಲಿ ಅಂಗಡಿಯ ಹೆಸರು, ವಿಳಾಸ, ಅದೃಷ್ಟವಿದ್ದರೆ ಫೋನ್ ನಂಬರೂ ಇರುತ್ತದೆ. ಪ್ಯಾರಿಸ್ಸಿನಲ್ಲಿ ಸ್ವಯಂಚಾಲಿತ ಟೆಲಿಫೋನು ಶುರುವಾದದ್ದು 1928ರಲ್ಲಿ. ಆಗಿನಿಂದ ನಂಬರು ಎಂದರೆ ಎಕ್ಸ್‌ಚೇಂಜಿನ ಹೆಸರಿನ ಮೊದಲ ಮೂರು ಅಕ್ಷರ ಮತ್ತು ನಾಲ್ಕು ಅಂಕಿ. 1963ರ ಅಕ್ಟೋಬರಿನಲ್ಲಿ ಅಕ್ಷರಗಳು ಹೋಗಿ ಏಳೂ ಅಂಕಿಗಳಾದವು. ಎಕ್ಸ್‌ಚೇಂಜಿನ ಹೆಸರು 1928ಕ್ಕೆ ಮುಂಚೆಯೂ ಬಳಕೆಯಲ್ಲಿತ್ತು, ಆದ್ದರಿಂದ ಹೆಸರು ಕಂಡಿತೆಂದು ಹಿಗ್ಗಬಾರದು. ಮೊದಲ ಮೂರು ಅಕ್ಷರಗಳನ್ನು ಎತ್ತಿ ದೊಡ್ಡದಾಗಿ ಒತ್ತಿದ್ದಾರೆಯೇ ನೋಡಬೇಕು. ಇನ್ನು ಎಸ್.ಜಿ.ಡಿ.ಜಿ. ಎಂಬ ನಾಲ್ಕಕ್ಷರ. 1844ರ ಕಾಯಿದೆಯ ಪ್ರಕಾರ ಪೇಟೆಂಟ್ ಪಡೆದವರು ‘ಸರ್ಕಾರದ ಖಾತ್ರಿ ಇಲ್ಲ’ ಎಂಬ ಈ ಮಾತನ್ನೂ ಸೇರಿಸಲೇಬೇಕಿತ್ತು. ಪೇಟೆಂಟ್ ಕೊಟ್ಟಿದ್ದೇವೆ, ವಸ್ತು ಕೆಲಸಕ್ಕೆ ಬಾರದಿದ್ದರೆ ನಮ್ಮನ್ನು ಕೇಳಬೇಡಿ ಎಂದು ಕೈತೊಳೆದುಕೊಳ್ಳುವ ಈ ಜಾಣತನ 1968ರವರೆಗೂ ನಡೆಯಿತು. ಅದೇ ವರ್ಷದ ಜನವರಿ 1ರಂದು ಪ್ಯಾರಿಸ್ಸನ್ನು ಒಳಗೊಂಡಿದ್ದ ಸೇನ್ ಜಿಲ್ಲೆಯೂ ರದ್ದಾಯಿತು. ಡಬ್ಬಿಯ ಚೀಟಿಯಲ್ಲಿ ವ್ಯಾಪಾರ ನೋಂದಣಿಯ ಸಂಖ್ಯೆ ಸೇನ್ ಹೆಸರಿನೊಂದಿಗೆ ಇದ್ದರೆ, ನೋಂದಣಿ ಕಾಯಿದೆ ಬಂದ 1919ರ ನಂತರ, 1968ಕ್ಕೆ ಮುಂಚೆ ಎಂದು ನಿಲ್ಲಬಹುದು. ಡಬ್ಬಿ ಮಾತ್ರ ಹ್ಯಾಟಿನಿಂದ ಹ್ಯಾಟಿಗೆ ಅಲೆಯುವ ಜಾತಿಯದು. ಅಸ್ತರಿನ ಮೇಲೆ ಅಚ್ಚಾದ ಪದಕಗಳದ್ದು ಇನ್ನೊಂದು ತಮಾಷೆ. 1900ರ ಪ್ಯಾರಿಸ್ ಪ್ರದರ್ಶನದ ಪದಕ ಕಂಡರೆ ಹ್ಯಾಟು 1900ರದ್ದೆಂದು ಬರೆಯುವವರಿದ್ದಾರೆ. ಗೆದ್ದ ಪದಕವನ್ನು ಯಾವ ವ್ಯಾಪಾರಿ ಮರುವರ್ಷವೇ ಮರೆಯುತ್ತಾನೆ?

ಹೀಗೆ ಒಳಗಿನ ಮುದ್ರೆ ನೋಡಿ ಕಾಲ ಹೇಳುವುದಕ್ಕೆ ಬರುವ ಆಕ್ಷೇಪಗಳು ಹಗುರವೇನಲ್ಲ. ಹಳೆಯ ಅಚ್ಚನ್ನೇ, ಹಳೆಯ ಪಟ್ಟಿಗಳ ದಾಸ್ತಾನನ್ನೇ ಅಂಗಡಿಯವನು ವರ್ಷಗಟ್ಟಲೆ ಬಳಸಿದ್ದರೆ? ಬಳಸಿರುತ್ತಾನೆ. ಆದರೆ ಮುದ್ರೆ ತಡವಾಗಿ ಬೀಳಬಹುದೇ ಹೊರತು ಮುಂಚಿತವಾಗಿ ಬೀಳಲಾರದು. 1928ರ ಪದ್ಧತಿಯ ನಂಬರನ್ನು 1920ರಲ್ಲಿ ಒತ್ತಲು ಸಾಧ್ಯವಿಲ್ಲ. ಆದ್ದರಿಂದ ಕೆಳಗಿನ ಗಡಿ ಗಟ್ಟಿ, ಮೇಲಿನದು ಸಡಿಲ. ಚರ್ಮದ ಪಟ್ಟಿಯನ್ನೇ ಬದಲಿಸಿದ್ದರೆ ಎಂಬುದು ಇನ್ನೂ ಮೊನಚಾದ ಪ್ರಶ್ನೆ. ಆಗ ಪಟ್ಟಿಯನ್ನು ಮೆಲ್ಲಗೆ ಹೊರಕ್ಕೆ ಮಡಚಿ, ಅದು ಫೆಲ್ಟಿಗೆ ಸೇರುವ ಗೆರೆಯನ್ನು ನೋಡಬೇಕು. ಮೂಲ ಹೊಲಿಗೆಯಾದರೆ ಸೂಜಿ ತೂತುಗಳ ಸಾಲು ಒಂದೇ. ಬದಲಿಸಿದ್ದರೆ ದಾರವಿಲ್ಲದ ಅನಾಥ ತೂತುಗಳು ಪಕ್ಕದಲ್ಲೇ ಕಾಣುತ್ತವೆ. ಬಿಸಿಲು ಕಾಣದ ಆ ಜಾಗದಲ್ಲಿ ಫೆಲ್ಟಿನ ಮೂಲ ಬಣ್ಣವೂ ಸಿಗುತ್ತದೆ. (ನೋಡಿದರೆ ಸಾಕು, ಮೂಸುವುದು ಬೇಡ. ಮೊಲದ ತೊಗಲಿಗೆ ಪಾದರಸದ ನೈಟ್ರೇಟ್ ಬಳಿಯುತ್ತಿದ್ದ ಕಾಲದ ಹ್ಯಾಟುಗಳಲ್ಲಿ ಆ ವಿಷ ಈಗಲೂ ಉಳಿದಿರಬಹುದು.) ಕಲಾವಿದ ಕಪ್ಪಿಯೆಲ್ಲೊ 1938ರಲ್ಲಿ ಮೊಸ್ಸಾಂಗೆ ಬರೆದ ಪೋಸ್ಟರಿನಂಥವುಗಳನ್ನು ಮುಂದಿಟ್ಟು, ಚಿತ್ರಕ್ಕಿಂತ ಸಾಕ್ಷಿ ಬೇಕೆ ಎನ್ನುವವರೂ ಇದ್ದಾರೆ. ಆ ವರ್ಷ ಯಾವ ರೂಪ ಮಾರಾಟಕ್ಕಿತ್ತು ಎಂಬುದನ್ನು ಪೋಸ್ಟರು ಹೇಳುತ್ತದೆ, ಒಪ್ಪೋಣ. ಕೈಯಲ್ಲಿರುವ ಹ್ಯಾಟು ಆ ರೂಪವನ್ನು ಯಾವಾಗ ಪಡೆಯಿತು ಎಂದು ಹೇಳುವುದಿಲ್ಲ.

ಹೀಗೊಂದು ಹ್ಯಾಟು ಕೈಗೆ ಬಂತೆನ್ನಿ: ಬೂದು ಬಣ್ಣ, ಅಗಲದ ಅಂಚು, ಪಟ್ಟಿಯ ಮೇಲೆ ಒಪೇರಾ ಎಕ್ಸ್‌ಚೇಂಜಿನ ಮೂರಕ್ಷರದ ನಂಬರು, ತೂತುಗಳ ಸಾಲು ಒಂದೇ. ಚೀಟಿಯಲ್ಲಿ ‘1930’. ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದರೆ ಚರ್ಮದ ಹೊಲಿಗೆ ಕಪ್ಪಗೇ ಉಳಿಯಿತು, ಹೊರಗಿನ ರಿಬ್ಬನ್ನಿನ ದಾರ ಮಾತ್ರ ನೀಲಿಯಾಗಿ ಹೊಳೆಯಿತು. ಹೀಗೆ ಹೊಳೆಯುವ ಬಿಳುಪುಕಾರಕಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಇದರ ಕಾರ್ಡಿನಲ್ಲಿ ನಾನು ಬರೆಯುವುದು ಎರಡೇ ಸಾಲು: ಚರ್ಮದ ಪಟ್ಟಿ ಮೂಲದ್ದು, ಹ್ಯಾಟು 1928ಕ್ಕಿಂತ ಹಳೆಯದಲ್ಲ; ರಿಬ್ಬನ್ನಿನ ಹೊಲಿಗೆ ಯುದ್ಧಾನಂತರದ್ದು, ಅಂಗಡಿಗೆ ಮರಳಿ ಹೋದಾಗ ನೆತ್ತಿಯನ್ನೂ ತಿದ್ದಿರಬಹುದು. ಬೆಲೆಯನ್ನು ಕೊನೆಯ ಸಾಲು ನೋಡಿಕೊಂಡು ಮಾತಾಡುತ್ತೇನೆ.